ಖಾಲಿ ತೂಕ

ಹಾಸನದ ಆಲೂಗೆಡ್ಡೆ ಮಂಡಿಗೆ ಹೊರಳುವ ತಿರುವಿನಲ್ಲಿ
ಹನ್ನೊಂದು ವರ್ಷದಿಂದ ಲಾರಿ ತೂಗುತ್ತೇನೆ.
ತುಂಬಿ ಬಂದಾಗ ಒಮ್ಮೆ, ಬರಿದಾಗಿ ಹೋಗುವಾಗ ಇನ್ನೊಮ್ಮೆ;
ಕಳೆದರೆ ಉಳಿಯುವುದೇ ಮಾಲು.
ಇಷ್ಟು ಲೆಕ್ಕ ನನಗೆ ಬರುತ್ತದೆ.

ಊಟಿ ಕಡೆ ಲೋಡು ಹೊಡೆಯುವ ಅಸ್ಗರಣ್ಣ
ಬೀಡಿ ಕಟ್ಟಿನ ಕಾಗದದಲ್ಲಿ ಐದು ಬೀಜ ತಂದುಕೊಟ್ಟ.
ಹೆಬ್ಬೆರಳ ಉಗುರಿಗಿಂತ ದೊಡ್ಡವು, ಬೆಳ್ಳಗೆ, ಚಪ್ಪಟೆ.
"ಇದರವ್ವ ಮುನ್ನೂರು ಕೆಜಿ ಇತ್ತಂತೆ ಕಣಕ್ಕ,
ಎಂಟು ಜನ ಹೊತ್ತು ತಂದು ಪ್ರದರ್ಶನಕ್ಕೆ ಇಟ್ಟಿದ್ರಂತೆ."
ಆ ರಾತ್ರಿಯೇ ತೂಕದ ಚೀಟಿಯ ಬೆನ್ನಿಗೆ ಬರೆದೆ: ಗುರಿ, ೩೦೦.
ಬರೆಯುವುದಕ್ಕೆ ಗೊಬ್ಬರ ಬೇಡ ನೋಡಿ.

ಕಾಟಾದ ಹಿಂದೆ ಗ್ರೀಸು ಕುಡಿದ ಐದು ಮಾರು ನೆಲ.
ಎರಡು ಬೀಜ ಮೊಳೆಯಲೇ ಇಲ್ಲ. ಒಂದು ಇಲಿಯ ಪಾಲು.
ನಾಲ್ಕನೆಯದು ಎದ್ದಿತು, ಹಿಂದಕ್ಕೆ ಬರುತ್ತಿದ್ದ ಟಿಪ್ಪರಿನಡಿ ಮಲಗಿತು.
ಐದನೆಯದಕ್ಕೆ ಎರಡೆಲೆ, ತಲೆಗೆ ಸಿಪ್ಪೆಯ ಟೋಪಿ.
ಚೀಟಿ ತೆಗೆದು ಮೂರನ್ನು ಹೊಡೆದು ಒಂದು ಮಾಡಿದೆ.
ಆದರೂ ನೂರು!
ಗುರುತು ಪರಿಚಯವಿಲ್ಲದ ನೆಲದ ಹತ್ತಿರ ಅಷ್ಟು ಕೇಳಬಹುದೆ?

ಸಗಣಿ ಗೊಬ್ಬರ ಕೊಡಲು ಬಂದ ಚೆಲುವಾಂಬ
ಮಂಕರಿ ಇಳಿಸಿ, ಚೀಟಿ ನೋಡಿ, ನಕ್ಕಳು.
"ಬಳ್ಳಿ ನಿನ್ನ ಕೈಗೆ ಹೊಸದು, ನಿನ್ನ ಕೈ ಬಳ್ಳಿಗೆ ಹೊಸದು.
ಕಚ್ಚಿದ್ರೆ ಸಾಕು ಅನ್ನು ಮೊದಲು.
ಕಚ್ಚಿದ ಮೇಲೆ, ಉಳಿದ್ರೆ ಸಾಕು ಅನ್ನು.
ಉಳಿದ ಮೇಲೆ ಬೇಕಾದ್ದು ಅನ್ನು, ಯಾರು ಬೇಡ ಅಂತಾರೆ."

ಬೆಳಿಗ್ಗೆ ಆರಕ್ಕೆ, ಮೊದಲ ಲಾರಿಗೂ ಮುಂಚೆ,
ಗಂಡುಹೂವಿನ ದಳ ಬಿಡಿಸಿ ಹೆಣ್ಣುಹೂವಿಗೆ ತಾಗಿಸಿದೆ.
ಬೆರಳೆಲ್ಲ ಅರಿಶಿನ.
ಇವತ್ತಿಗೂ ಕಾಟಾದ ಏಳರ ಗುಂಡಿಯ ಮೇಲೆ ಆ ಹಳದಿ ಇದೆ.

ಮೂರು ಹೀಚು ನಿಂತವು.
ಬೆರಳು ತೋರಿಸಿದರೆ ಕೊಳೆಯುತ್ತವೆಂದು
ಮಡಿಸಿದ ಬೆರಳಲ್ಲೇ ಎಣಿಸಿದೆ.
ದೊಡ್ಡದೊಂದು ಬೇಕಾದರೆ ಎರಡನ್ನು ಕೀಳಬೇಕು;
ಬ್ಲೇಡು ಹಿಡಿದು ಎರಡು ದಿನ ಸುಮ್ಮನೆ ಕೂತೆ.
ಕಿತ್ತವು ಹುಳಿಗೆ ಹೋದವು.
ಹುಳಿ ಚೆನ್ನಾಗಿತ್ತು, ಅದು ಬೇರೆ ಸಂಗತಿ.

ಆಮೇಲೆ ಬೂದಿರೋಗ. ಆಮೇಲೆ ಹದಿನೆಂಟು ದಿನ ಬಿಡದ ಜಡಿ.
ಕಾಯಿಯ ಕೆಳಗೆ ಹಳೇ ಟೈರು, ಮೇಲೆ ಟಾರ್ಪಾಲು.
ನೂರು ಅರವತ್ತಾಯಿತು, ಅರವತ್ತು ನಲವತ್ತು.
ಪ್ರತಿ ಸಲ ಹೊಡೆದುಹಾಕುವಾಗ ಅಳು ಬರಬಹುದೆಂದುಕೊಂಡೆ,
ಬದಲಿಗೆ ಹಸಿವಾಯಿತು.
ಆಸೆಗೂ ಒಂದು ಖಾಲಿ ತೂಕ ಇರಬೇಕು,
ಇಳಿಸಿ ನೋಡಿದ ಮೇಲೆಯೇ ಗೊತ್ತಾಗುವುದು.

ಕೊನೆಗೆ ಬರೆದದ್ದು ಇದು:
ನಮ್ಮ ಕಾಟಾ ಹತ್ತು ಹತ್ತು ಕೆಜಿಗೆ ಹಾರುತ್ತದೆ,
ಇಪ್ಪತ್ತರ ಕೆಳಗಿನದನ್ನೆಲ್ಲ ಸೊನ್ನೆ ಎನ್ನುತ್ತದೆ.
ಲಾರಿ ಹತ್ತುವ ಆ ಕಬ್ಬಿಣದ ಮೇಲೆ ನನ್ನ ಕಾಯಿ ಇಟ್ಟಾಗ
ಸೊನ್ನೆ ಬರಬಾರದು.
ಅಷ್ಟೆ.

ಆಯುಧಪೂಜೆಯ ಹಿಂದಿನ ದಿನ. ಮಂಡಿ ಖಾಲಿ.
ಹಮಾಲಿ ನಿಂಗಶೆಟ್ಟಿ ಗೋಣಿಯಲ್ಲಿ ಸುತ್ತಿ ಹೊತ್ತು ತಂದ.
ಒಂದು ಮಗ್ಗುಲು ಚಪ್ಪಟೆ, ಸೊಂಟದ ಹತ್ತಿರ ಮಚ್ಚೆ, ತುಕ್ಕಿನ ಬಣ್ಣ.
ಅರವತ್ತು ಟನ್ನಿನ ಕಾಟಾದ ನಡುವೆ
ಯಾರೋ ಮರೆತುಹೋದ ಟಿಫನ್ ಡಬ್ಬಿಯ ಹಾಗೆ ಕೂತಿತ್ತು.
ಕೆಂಪು ಅಂಕಿ ಸೊನ್ನೆ ಬಿಟ್ಟು ಏಳಲಿಲ್ಲ.
ನಾನು ಉಸಿರು ಹಿಡಿದೆ, ಅದೂ ತೂಕಕ್ಕೆ ಬಂದುಬಿಟ್ಟೀತು ಎಂಬಂತೆ.
ಆಮೇಲೆ ೩೦.
ಆಮೇಲೆ ೨೦. ಮತ್ತೆ ೩೦. ಮತ್ತೆ ೨೦.
ನಿಲ್ಲಲೇ ಇಲ್ಲ.
"ಗೆಡ್ಡೆ ತೂಗೋ ತಕ್ಕಡೀಲಿ ಇಡಾನ, ಸರಿಯಾಗಿ ಗೊತ್ತಾಯ್ತದೆ."
ಬೇಡ ಅಂದೆ.

೨೦ ಕಂಡ ಗಳಿಗೆ ನೋಡಿ ಚೀಟಿ ಒತ್ತಿದೆ.
ವಾಹನ ಸಂಖ್ಯೆ: ಇಲ್ಲ. ಮಾಲು: ಸಿಹಿಗುಂಬಳ.
ಚಾಲಕರು: ಭಾಗೀರತಿ.
ಐವತ್ತು ರೂಪಾಯಿ ನನ್ನ ಪರ್ಸಿನಿಂದ ತೆಗೆದು ಗಲ್ಲಾಕ್ಕೆ ಹಾಕಿದೆ.

ಈಗ ಆ ಚೀಟಿಯ ಮೇಲೆಯೇ ಬೀಜ ಒಣಗುತ್ತಿವೆ.
ಅಸ್ಗರಣ್ಣ ಕಿಟಕಿಯಲ್ಲಿ ತಲೆ ಹಾಕಿ ಕೇಳುತ್ತಾನೆ,
"ಮುಂದಿನ ವರ್ಷಕ್ಕೆ ಎಷ್ಟಕ್ಕ?"
ಅಂಕಿ ನಿಂತರೆ ಸಾಕು, ಅಂದೆ.